ಅರ್ಧ ಶೇಷವಸ್ತ್ರ

ಟ್ಯಾಂಕಿನೊಳಗೆ ಇಳಿಬಿಟ್ಟ ತಂತಿಯ ಕೊಕ್ಕೆಗೆ ಏನೋ ಮೆತ್ತಗಿನದು ಸಿಕ್ಕಿತು. ಯೋಗಾನರಸಿಂಹ ಉಸಿರು ಬಿಗಿಹಿಡಿದು ಮೆಲ್ಲಗೆ ಮೇಲಕ್ಕೆಳೆದರು. ಅದು ಬಾಯಿಯವರೆಗೂ ಬಂದು, ಕಳಚಿಕೊಂಡು ಮತ್ತೆ ಒಳಗೆ ಬಿದ್ದುಹೋಯಿತು.

“ಏನ್ ಸಾ ಅದು, ಇಲಿಯಾ?” ಎಂದು ಹೆಡ್ ಕಾನ್‌ಸ್ಟೇಬಲ್ ಗುಂಡಯ್ಯ ಬಗ್ಗಿ ನೋಡಿದ.

ಇಲಿಗಳು ಪೆಟ್ರೋಲ್ ಕುಡಿಯುವಷ್ಟು ಕಾಲ ಇನ್ನೂ ಕೆಟ್ಟಿಲ್ಲ ಎಂದು ಗೊಣಗಿಕೊಂಡು ಯೋಗಾನರಸಿಂಹ ಕೊಕ್ಕೆಯನ್ನು ಇನ್ನಷ್ಟು ಬಾಗಿಸಿದರು. ಬ್ರೇಕ್ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದ ಮನುಷ್ಯ. ಹಾಸನದ ಸುತ್ತಮುತ್ತ ಅವರ ಮುಂದೆ ಎಂಟು ಹೊಡೆದು ತೋರಿಸದೆ ಲೈಸೆನ್ಸ್ ಪಡೆದ ಡ್ರೈವರ್ ಸಿಗುವುದು ಕಷ್ಟ. ಈಗ ಕೆಟ್ಟು ನಿಂತ ಗಾಡಿಗಳ ಗುಟ್ಟು ಬಿಡಿಸುವ ಕೆಲಸವನ್ನು ತಾವಾಗಿಯೇ ಮೈಮೇಲೆ ಎಳೆದುಕೊಂಡಿದ್ದರು. ಮನೆಯಲ್ಲಿ ಸುಮ್ಮನೆ ಕೂತರೆ ತಲೆ ಕೆಡುತ್ತದೆ ಎನ್ನುವುದು ಅವರ ಸಮಜಾಯಿಷಿ.

ಮೋಡ ಮುಚ್ಚಿ ಬೆಳಕೇ ಇಲ್ಲದ ಬೆಳಿಗ್ಗೆ. ಅರಕಲಗೂಡಿನ ಠಾಣೆಯ ಹಿಂದೆ, ಹೊಂಗೆ ಮರದ ಕೆಳಗೆ, ಆ ಬಿಳಿ ಅಂಬಾಸಿಡರ್ ಮೈತುಂಬ ಕೆಸರು ಮೆತ್ತಿಕೊಂಡು ನಿಂತಿತ್ತು. ಹೊಳೆನರಸೀಪುರದ ವಕೀಲ ಜಯಂತ್ ಅದರ ಹಿಂದಿನ ಸೀಟಿನಲ್ಲಿ ಮಲಗಿದ್ದಂತೆಯೇ ಕೆರೆಯ ಪಾಲಾಗಿದ್ದ. ಡ್ರೈವರ್ ಪುಟ್ಟಸ್ವಾಮಿ ಕಾರಿನಿಂದ ಇಳಿದು ಬದುಕಿಕೊಂಡ ತಪ್ಪಿಗೆ ಅದೇ ಠಾಣೆಯ ಲಾಕಪ್ಪಿನಲ್ಲಿದ್ದ.

ಈ ಸಲ ಕೊಕ್ಕೆ ಮೋಸ ಮಾಡಲಿಲ್ಲ. ಟ್ಯಾಂಕಿನ ಬಾಯಿಂದ ಹಳದಿ ಬಣ್ಣದ ಒಂದು ಬಟ್ಟೆ ಮುದುಡಿಕೊಂಡು ಹೊರಬಂತು.

ಯೋಗಾನರಸಿಂಹ ಅದನ್ನು ಹಳೆಯ ದಿನಪತ್ರಿಕೆಯ ಮೇಲೆ ಹರಡಿದರು. ಅಂಗೈಗಿಂತ ಸ್ವಲ್ಪ ಅಗಲವಿತ್ತು. ಮೂರು ಕಡೆ ಸಣ್ಣ ಕೆಂಪು ಅಂಚು, ಮಡಿಸಿ ಹೊಲಿದದ್ದು. ನಾಲ್ಕನೆಯ ಕಡೆ ಅಂಚಿಲ್ಲ. ಕೈಯಿಂದ ಹರಿದ ಎಳೆಗಳು ಜೋತುಬಿದ್ದಿದ್ದವು. ಒಂದು ಮೂಲೆಯಲ್ಲಿ ಕುಂಕುಮದ ಕಲೆ ಪೆಟ್ರೋಲಿನಲ್ಲಿ ಇಷ್ಟು ದಿನ ನೆಂದರೂ ಹೋಗಿರಲಿಲ್ಲ.

“ಇದೇ ಕಣಯ್ಯ ನಿಲ್ಲಿಸ್ತಿದ್ದದ್ದು,” ಎಂದರು.

ಗುಂಡಯ್ಯನಿಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಬಟ್ಟೆ ಟ್ಯಾಂಕಿನಲ್ಲಿ ತನ್ನ ಪಾಡಿಗೆ ತಾನು ತೇಲಿಕೊಂಡಿರುತ್ತದೆ. ಗಾಡಿ ಏರು ಹತ್ತುವಾಗ ಇಂಜಿನ್ ಜೋರಾಗಿ ಪೆಟ್ರೋಲ್ ಎಳೆಯುತ್ತದೆ. ಆ ಎಳೆತಕ್ಕೆ ಬಟ್ಟೆ ಹೋಗಿ ಕೊಳವೆಯ ಬಾಯಿಗೆ ಕಚ್ಚಿಕೊಳ್ಳುತ್ತದೆ. ಕಾರು ಕೆಮ್ಮಿ ನಿಲ್ಲುತ್ತದೆ. ನಿಂತ ಮೇಲೆ ಎಳೆಯುವವರಿಲ್ಲ, ಬಟ್ಟೆ ಕಳಚಿ ಬೀಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದರೆ ಇಂಜಿನ್ ಏನೂ ಆಗದ ಹಾಗೆ ಹೊರಡುತ್ತದೆ. ಬಂದ ಮೆಕ್ಯಾನಿಕ್ಕುಗಳೆಲ್ಲ ಬಾನೆಟ್ ಎತ್ತಿ ಕಾರ್ಬುರೇಟರ್ ತೊಳೆದು, ಪಾಯಿಂಟ್ ಉಜ್ಜಿ ಹೋದರೇ ಹೊರತು ಹಿಂದುಗಡೆ ಬಗ್ಗಿ ನೋಡಿದವರಿರಲಿಲ್ಲ.

ಗುಂಡಯ್ಯ ಮೀಸೆ ಸವರಿಕೊಂಡ. “ಸರಿ ಸಾ. ಆದ್ರೆ ಬಟ್ಟೆನ ಇವ್ನೇ ಯಾಕೆ ಆಕಿರ್ಬಾರ್ದು? ಗಾಡಿ ನಿಂತೋಯ್ತದೆ ಅಂತ ಮದ್ಲೇ ಊರ್ ತುಂಬ ಯೋಳ್ಕಂಡು, ಆಮೇಲೆ ಒಂದಿನ ಇಳ್ದು ನೂಕ್ಬುಟ್ಟ ಅಂತಾರೆ ನಮ್ ಸಾಹೇಬ್ರು.”

ಮಾತು ತೆಗೆದುಹಾಕುವಂಥದ್ದಲ್ಲ. ಬಟ್ಟೆ ಸಿಕ್ಕಿದ ಮಾತ್ರಕ್ಕೆ ಪುಟ್ಟಸ್ವಾಮಿ ಬಿಡುಗಡೆಯಾಗುವುದಿಲ್ಲ, ಹಾಕಿದವರು ಸಿಗಬೇಕು. ನಾಳೆ ಅವನನ್ನು ಹಾಸನದ ಜೈಲಿಗೆ ಕಳಿಸುತ್ತಾರೆ. ಒಮ್ಮೆ ಆ ಬಾಗಿಲು ದಾಟಿದರೆ ಕೊಣನೂರಿನ ಬಡ ಡ್ರೈವರ್ ಒಬ್ಬನ ಕಡೆ ತಿರುಗಿ ನೋಡುವವರು ಯಾರು? ಅವನ ಹೆಂಡತಿ ಚಿಕ್ಕಮ್ಮ ಹಾಸನಕ್ಕೆ ಬಂದು ಯೋಗಾನರಸಿಂಹರ ಮನೆ ಮೆಟ್ಟಿಲ ಮೇಲೆ ಕೂತು, ಅಳದೆ, ಒಂದು ಮಾತೂ ಆಡದೆ ಕಾದಿದ್ದು ಅವರ ಕಣ್ಣ ಮುಂದೆಯೇ ಇತ್ತು. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸಬಹುದಿತ್ತು.

ಅವರು ಲಾಕಪ್ಪಿನ ಹತ್ತಿರ ಹೋದರು. ಪುಟ್ಟಸ್ವಾಮಿ ಗೋಡೆಗೆ ಒರಗಿ ಕೂತಿದ್ದವನು ಎದ್ದು ನಿಂತ. ಆ ದಿನ ನಡೆದದ್ದನ್ನು ಇನ್ನೊಂದು ಸಲ ಹೇಳು ಎಂದರು. ಎಷ್ಟೋ ಸಲ ಹೇಳಿ ಸೋತಿದ್ದವನ ದನಿಯಲ್ಲಿ ಏರಿಳಿತವೇ ಇರಲಿಲ್ಲ.

“ಕೆರೆ ಏರಿ ಅತ್ತುವಾಗ ನಿಂತೋಯ್ತು ಸಾ. ದೊಡ್ಡಗದ್ದವಳ್ಳಿ ದಿಬ್ಬದಲ್ಲೂ ಇಂಗೇ ನಿಂತಿತ್ತು, ಅದ್ಕೇ ನಾನೇನ್ ಗಾಬ್ರಿ ಬೀಳ್ನಿಲ್ಲ. ಆಂಡ್ ಬ್ರೇಕ್ ಎಳ್ದೆ. ಆ ಗಾಡಿ ಆಂಡ್ ಬ್ರೇಕ್ ನಂಬಂಗಿಲ್ಲ ಅಂತ ಚಕ್ರಕ್ಕೆ ಕಲ್ ಕೊಡನ ಅಂತ ಇಳ್ದೆ. ಕಲ್ ಎತ್ಕಂಡು ತಿರುಗ್ದೆ. ಗಾಡಿ ಆಗ್ಲೇ ಇಂದಕ್ ಓಯ್ತಾ ಇತ್ತು. ವಕೀಲ್ರು ಎದ್ದೇಳ್ನೇ ಇಲ್ಲ ಸಾ.”

ಆ ಕಲ್ಲನ್ನು ಆಮೇಲೆ ಏನು ಮಾಡಿದೆ ಎಂದು ಗುಂಡಯ್ಯ ಕೇಳಿದ. ಪುಟ್ಟಸ್ವಾಮಿ ತನ್ನ ಅಂಗೈಗಳನ್ನು ನೋಡಿಕೊಂಡ. ಅದು ಅವನಿಗೆ ನೆನಪಿರಲಿಲ್ಲ.

ಯೋಗಾನರಸಿಂಹ ಸ್ಕೂಟರ್ ಹತ್ತಿ ಹೊಳೆನರಸೀಪುರದ ದಾರಿ ಹಿಡಿದರು. ಗುಂಡಯ್ಯನನ್ನು ಒಪ್ಪಿಸಿ ತಂದ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿತ್ತು. ಅದು ಎಂಥ ಬಟ್ಟೆ ಎಂಬುದು ಅವರಿಗೆ ಕಂಡ ಕೂಡಲೇ ಗೊತ್ತಾಗಿತ್ತು. ಅವರೂ ಹುಟ್ಟಿದ್ದು ಅದೇ ಊರಿನ ಕೋಟೆ ಬೀದಿಯಲ್ಲಿ. ಉತ್ಸವಮೂರ್ತಿಗೆ ಉಡಿಸಿ ತೆಗೆದ ಪುಟ್ಟ ವಸ್ತ್ರ, ಶೇಷವಸ್ತ್ರ. ದೊಡ್ಡವರು ಬಂದರೆ ದೇವಸ್ಥಾನದಲ್ಲಿ ಅವರ ಹೆಗಲಿಗೆ ಹಾಕುವುದು ಬೇರೆ, ಉದ್ದನೆಯದು. ಇಷ್ಟು ಚಿಕ್ಕದು ಅರ್ಚಕರ ಮನೆಯ ದೇವರ ಪೆಟ್ಟಿಗೆ ಬಿಟ್ಟು ಹೊರಗೆ ಬರುವುದಿಲ್ಲ. ಜಯಂತನ ಮನೆ ಅರ್ಚಕರ ಮನೆ; ಅವನ ತಂದೆ ಸಾಯುವವರೆಗೂ ಸರದಿಯ ಪೂಜೆ ಮಾಡಿದವರು.

ಆದರೆ ಶೇಷವಸ್ತ್ರವನ್ನು ಯಾರೂ ಹರಿಯುವುದಿಲ್ಲ. ಅದು ಅವರ ತಲೆಯನ್ನು ದಾರಿಯುದ್ದಕ್ಕೂ ಕೊರೆಯಿತು.

ಸೂತಕದ ಮನೆ. ಬಾಗಿಲಲ್ಲಿ ರಂಗೋಲಿಯಿಲ್ಲ, ಒಳಗೆ ದೇವರ ಮುಂದೆ ದೀಪವಿಲ್ಲ. ಜಯಂತನ ತಾಯಿ ಕಮಲಾಕ್ಷಮ್ಮ ನಡುಮನೆಯ ಕಂಬಕ್ಕೆ ಒರಗಿ ಒಬ್ಬರೇ ಕೂತಿದ್ದರು. ಎಪ್ಪತ್ತು ದಾಟಿದ ಜೀವ. ಈ ನಾಲ್ಕು ದಿನದಲ್ಲಿ ಇನ್ನೂ ಇಷ್ಟು ಕುಗ್ಗಿಹೋಗಿದ್ದರು.

“ಬಾ ಯೋಗೀ,” ಎಂದರು. ಬೀದಿಯ ಹುಡುಗನಾಗಿದ್ದಾಗ ಕರೆಯುತ್ತಿದ್ದ ಹಾಗೆಯೇ ಇನ್ನೂ ಕರೆಯುವವರು ಅವರೊಬ್ಬರೇ. ಜಯಂತನ ಹೆಂಡತಿ ಸರಸ ಎಲ್ಲಿ ಎಂದು ಇವರು ಕೇಳಿದ್ದಕ್ಕೆ, ಕಿರಿಮಗ ಕೇದಾರ ಮತ್ತು ಪುರೋಹಿತರ ಜೊತೆ ಅಸ್ಥಿ ಬಿಡಲು ರಾಮನಾಥಪುರಕ್ಕೆ ಹೋಗಿದ್ದಾಳೆ ಎಂದರು. ಜಯಂತನಿಗೆ ಗಂಡುಮಕ್ಕಳಿಲ್ಲ; ಕರ್ಮವೆಲ್ಲ ತಮ್ಮನದೇ. ಹೆಂಗಸರು ಬೇಡ ಅಂದರೂ ಸರಸ ಕೇಳಲಿಲ್ಲವಂತೆ.

ಯೋಗಾನರಸಿಂಹ ಚೀಲ ಬಿಚ್ಚಿ ಬಟ್ಟೆಯನ್ನು ನೆಲದ ಮೇಲೆ, ಅವರ ಮುಂದೆ ಇಟ್ಟರು. ಪೆಟ್ರೋಲ್ ವಾಸನೆ ನಡುಮನೆ ತುಂಬಿತು.

ಮುದುಕಿ ಅದನ್ನು ನೋಡಿದರು. ಇದೇನು ಎಂದು ಕೇಳಲಿಲ್ಲ, ಎಲ್ಲಿ ಸಿಕ್ಕಿತು ಎಂದೂ ಕೇಳಲಿಲ್ಲ.

“ಇದನ್ನ ಯಾಕೋ ಹೊರಗೆ ತೆಗೆದೆ?” ಎಂದರು.

ಯೋಗಾನರಸಿಂಹ ಸುಳ್ಳು ಹೇಳುವವರ ಎದುರು ಕೂತು ಅಭ್ಯಾಸವಿದ್ದ ಮನುಷ್ಯ. ಇಂಥ ಮುಗ್ಧತೆಯ ಎದುರು ಹೇಗೆ ಕೂರಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ನೀವೇ ಹಾಕಿದ್ದಾ ಅತ್ತೆ ಎಂದು ಮೆಲ್ಲಗೆ ಕೇಳಿದರು.

ಕಮಲಾಕ್ಷಮ್ಮ ಮುಚ್ಚಿಡಲಿಲ್ಲ. ಯುಗಾದಿ ಕಳೆದ ಮೇಲೆ ಜಯಂತನಿಗೆ ವಾಹನದಿಂದ ಕಂಟಕವಿದೆ ಎಂದು ತಿಳಿಯಿತಂತೆ. ಮನೆಯ ಶೇಷವಸ್ತ್ರವನ್ನೇ ಒಯ್ದು ಮಂತ್ರಿಸಿ ತಂದುಕೊಟ್ಟರಂತೆ. ಅದು ಗಾಡಿಯ ಹೊಟ್ಟೆಯೊಳಗೆ ಇರುವವರೆಗೂ ಭಯವಿಲ್ಲ, ಆದರೆ ಯಾರಿಗೂ ಹೇಳಬಾರದು, ಹೇಳಿದರೆ ರಕ್ಷೆ ಕಳೆದುಹೋಗುತ್ತದೆ ಎಂದಿದ್ದರಂತೆ. ಕೀಲಿಗೊಂಚಲು ಗೋಡೆಯ ಮೊಳೆಯಲ್ಲೇ ತೂಗುತ್ತಿರುತ್ತದೆ. ಮಗ ಸ್ನಾನಕ್ಕೆ ಹೋಗಿದ್ದಾಗ ಮುಚ್ಚಳ ತೆಗೆದು, ತೆಂಗಿನಕಡ್ಡಿಯಲ್ಲಿ ನೂಕಿ, ಕೈಮುಗಿದು ಬಂದರಂತೆ.

“ಅರ್ಧ ಯಾಕೆ ಹಾಕಿದಿರಿ?”

“ಇಬ್ಬರು ಮಕ್ಕಳಲ್ಲವೇನೋ ನನಗೆ?” ಎಂದರು ಕಮಲಾಕ್ಷಮ್ಮ. “ಒಬ್ಬನಿಗೆ ರಕ್ಷೆ, ಇನ್ನೊಬ್ಬನಿಗೆ ಇಲ್ಲ ಅಂದ್ರೆ ಹೇಗೆ? ಇಡೀದು ಅವನಿಗೇ ಹಾಕಬೇಕು ಅಂತ ಹೇಳಿದ್ರು. ನಾನು ಕೇಳ್ಲಿಲ್ಲ. ಹರಿದು ಅರ್ಧ ಎತ್ತಿಟ್ಟೆ. ಅದಕ್ಕೇ ಸಾಲ್ದೆ ಹೋಯ್ತು, ಯೋಗೀ. ನನ್ನ ಕಂದನಿಗೆ ಅರ್ಧ ರಕ್ಷೆ ಸಾಲ್ದೆ ಹೋಯ್ತು.”

ಸೆರಗು ಬಾಯಿಗೆ ಒತ್ತಿಕೊಂಡು ಅವರು ಅತ್ತರು. ಜೀವಮಾನವಿಡೀ ದೋಸೆಯಿಂದ ಹಿಡಿದು ದೀಪಾವಳಿಯ ಪಂಚೆಯವರೆಗೂ ಇಬ್ಬರಿಗೂ ಸಮ ಹಂಚಿದ ಹೆಂಗಸು. ಆ ನ್ಯಾಯವೇ ಮಗನನ್ನು ಕೊಂದಿತೆಂದು ನಂಬಿಕೊಂಡು ಈ ದಿನಗಳನ್ನು ಕಳೆದಿದ್ದರು. ನಿಜ ಇದಕ್ಕಿಂತ ಕೆಟ್ಟದ್ದು. ಅದನ್ನು ಯೋಗಾನರಸಿಂಹ ತಮ್ಮ ಬಾಯಿಂದಲೇ ಹೇಳಬೇಕು.

ಅದಕ್ಕೂ ಮೊದಲು ಒಂದು ಪ್ರಶ್ನೆಯಿತ್ತು. ಉಳಿದರ್ಧ ಎಲ್ಲಿ?

ಇವತ್ತು ಬೆಳಿಗ್ಗೆ ಕೇದಾರನ ವ್ಯಾನಿಗೆ ಹಾಕಿ ಕಳಿಸಿದೆ ಎಂದರು ಮುದುಕಿ. ಉಳಿದಿರುವವನಾದರೂ ಕ್ಷೇಮವಾಗಿರಲಿ ಎಂದು. ಅವನಿಗೂ ಹೇಳಲಿಲ್ಲ.

ಯೋಗಾನರಸಿಂಹ ಎದ್ದೇಬಿಟ್ಟರು. ರಾಮನಾಥಪುರಕ್ಕೆ ಹೋಗಬೇಕಾದರೆ ಅರಕಲಗೂಡು ದಾಟಿ ಅದೇ ಕೆರೆ ಏರಿಯ ಮೇಲೆ ಹೋಗಬೇಕು. ಅದೇ ಏರು, ಅದೇ ನೀರು, ಒಳಗೆ ಸರಸ. ಮೂಲೆಯಲ್ಲಿದ್ದ ಫೋನಿನಿಂದ ಅರಕಲಗೂಡು ಠಾಣೆಗೆ ಹಚ್ಚಿದರು. ಲೈನ್ ಸಿಗುವಷ್ಟರಲ್ಲಿ ಅವರ ಅಂಗಿ ಬೆವರಿನಲ್ಲಿ ನೆಂದಿತ್ತು. ನೀಲಿ ಮಾರುತಿ ವ್ಯಾನು, ಏರಿ ಹತ್ತದಂತೆ ತಡೆ, ಹತ್ತಿದ್ದರೆ ಹಿಂದೆಯೇ ಹೋಗು ಎಂದು ಗುಂಡಯ್ಯನಿಗೆ ಹೇಳಿದರು. ಅವನು ಕಾರಣ ಕೇಳದೆ ಹೊರಟ.

ಕಮಲಾಕ್ಷಮ್ಮ ಅವರ ಮುಖವನ್ನೇ ನೋಡುತ್ತಿದ್ದರು. ಇನ್ನು ಬಚ್ಚಿಡುವಂತಿರಲಿಲ್ಲ. ಯೋಗಾನರಸಿಂಹ ನೆಲದ ಮೇಲೆ ಕೂತು, ಬಟ್ಟೆ ಟ್ಯಾಂಕಿನೊಳಗೆ ಮಾಡುವ ಕೆಲಸವನ್ನು ಒಂದೊಂದಾಗಿ ಹೇಳಿದರು. ಅರ್ಧವೇ ಸಾಕಾಗಿತ್ತು ಎಂಬ ಮಾತನ್ನು ಹೇಳುವಾಗ ಅವರು ತಲೆ ಎತ್ತಲಿಲ್ಲ.

ಮುದುಕಿ ಅಳುವುದನ್ನು ನಿಲ್ಲಿಸಿದರು. ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು.

“ತಂದುಕೊಟ್ಟದ್ದು ಯಾರು ಅತ್ತೆ?”

ಕಮಲಾಕ್ಷಮ್ಮ ಮುಖ ತಿರುಗಿಸಿಕೊಂಡರು.

ಅವರು ಬೇರೆ ದಾರಿಯಿಂದ ಬಂದರು. ಗಾಡಿಯ ಹೊಟ್ಟೆ ಎಂದರೆ ಟ್ಯಾಂಕು ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಡಿಕ್ಕಿಯೂ ಹೊಟ್ಟೆಯ ಹಾಗೇ ಇದೆ. ಸೀಟಿನ ಕೆಳಗೆ ಇಡಬಹುದಿತ್ತು.

“ಮುಂದುಗಡೆ ನೀರು ಕುಡಿಯೋ ಬಾಯಿಗೆ ಹಾಕಬೇಡ, ಹಿಂದುಗಡೆ ಎಣ್ಣೆ ಕುಡಿಯೋ ಬಾಯಿಗೇ ಹಾಕು ಅಂತ ಹೇಳಿಕೊಟ್ಟಿದ್ದ,” ಎಂದುಬಿಟ್ಟರು ಕಮಲಾಕ್ಷಮ್ಮ. ಹೇಳಿದ ಮೇಲೆ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡರು.

ಯೋಗಾನರಸಿಂಹರಿಗೆ ಅಷ್ಟೇ ಬೇಕಾಗಿತ್ತು. ಇಷ್ಟು ಹೊತ್ತೂ ‘ಹೇಳಿದ್ರು’ ಎನ್ನುತ್ತಿದ್ದ ಬಾಯಿ ಈಗ ‘ಹೇಳಿಕೊಟ್ಟಿದ್ದ’ ಎಂದಿತ್ತು. ಪೂಜೆ, ಮಂತ್ರ ಬಲ್ಲ ಹೊರಗಿನವರನ್ನು ಕಮಲಾಕ್ಷಮ್ಮ ಏಕವಚನದಲ್ಲಿ ಕರೆದದ್ದಿಲ್ಲ. ಅದೂ ಅಲ್ಲದೆ, ಮಂತ್ರ ಹಾಕುವವನಿಗೆ ರೇಡಿಯೇಟರ್ ಯಾವುದು, ಟ್ಯಾಂಕ್ ಯಾವುದು ಎಂಬ ಗೊಡವೆ ಏತಕ್ಕೆ? ನೀರಿಗೆ ಹಾಕಿದರೆ ಕೆಲಸ ಕೆಡುತ್ತದೆ, ಪೆಟ್ರೋಲಿಗೇ ಹಾಕಬೇಕು ಎಂದು ಎಚ್ಚರ ಹೇಳುವವನು ಇಂಜಿನ್ ಬಲ್ಲವನೇ ಆಗಿರಬೇಕು.

ಕೇದಾರ ಚನ್ನರಾಯಪಟ್ಟಣದಲ್ಲಿ ಹುಡುಗರಿಗೆ ಇಂಜಿನ್ ಪಾಠ ಹೇಳುವ ಮೇಷ್ಟ್ರು. ದೇವರ ಪ್ರಸಾದಕ್ಕೂ ಕೈಯೊಡ್ಡದ ವಿಚಾರವಂತ. ಅಂಥವನು ಮಂತ್ರಿಸಿದ ಬಟ್ಟೆ ತಂದನೆಂದರೆ ತಾಯಿಗೆ ಸಂತೋಷವಾಗಿರಬೇಕು, ಮಗನಿಗೆ ಕೊನೆಗೂ ಬುದ್ಧಿ ಬಂತೆಂದು. ಅಣ್ಣನ ಗಾಡಿಯ ಹ್ಯಾಂಡ್ ಬ್ರೇಕ್ ನಿಲ್ಲುವುದಿಲ್ಲ ಎಂಬುದೂ ಅವನಿಗೆ ಗೊತ್ತು. ಇವತ್ತಲ್ಲ ನಾಳೆ, ಯಾವುದಾದರೂ ಏರಿನಲ್ಲಿ. ಅವಸರವಿಲ್ಲದವನ ಕೊಲೆ ಇದು. ಏತಕ್ಕಾಗಿ ಎಂಬುದು ಮಾತ್ರ ಯೋಗಾನರಸಿಂಹರಿಗೆ ಇನ್ನೂ ಹೊಳೆದಿರಲಿಲ್ಲ.

ಫೋನ್ ಬಡಿದುಕೊಂಡಿತು. ಮುದುಕಿ ಏಳಲಿಲ್ಲ. ಇವರೇ ಎತ್ತಿಕೊಂಡರು.

“ಯಾರು, ಯೋಗಣ್ಣನಾ?” ಸರಸಳ ದನಿ. ಹಿಂದೆ ಕೊಣನೂರಿನ ಸಂತೆಯ ಗದ್ದಲ ಕೇಳುತ್ತಿತ್ತು. ಅವಳು ಬದುಕಿದ್ದಳು. ಯೋಗಾನರಸಿಂಹ ಗೋಡೆಗೆ ಕೈ ಕೊಟ್ಟು ನಿಂತರು.

ಬೂತಿನಲ್ಲಿ ಇಷ್ಟು ಹೊತ್ತು ಲೈನೇ ಸಿಗಲಿಲ್ಲ ಎಂದು ಅವಳು ಶುರುಮಾಡಿದಳು. ವ್ಯಾನು ಏರಿಯ ಬುಡದಲ್ಲಿ, ಏರು ಶುರುವಾಗುವ ಕಡೆ ನಿಂತುಹೋಯಿತಂತೆ. ಇನ್ನು ನಾಲ್ಕು ಮಾರು ಮುಂದೆ ಹೋಗಿದ್ದರೆ ಏನಾಗುತ್ತಿತ್ತೋ ಎಂದಳು.

“ಕೇದಾರ ಸೀಟು ಎತ್ತಿ ಇಂಜಿನ್ ನೋಡ್ಲೇ ಇಲ್ಲ ಯೋಗಣ್ಣ. ಸೀದಾ ಹೋಗಿ ಪೆಟ್ರೋಲ್ ಮುಚ್ಚಳ ತೆಗೆದ. ಅಲ್ಲೇ ತಂತಿ ಹುಡುಕಿ ಒಳಗಿಂದ ಏನೋ ಎಳೆದ. ಅದನ್ನ ನೋಡಿ ರಸ್ತೆ ಮೇಲೇ ಕೂತುಬಿಟ್ಟ. ಆಮೇಲೆ ಗಾಡಿ ಹೊರಡ್ತು. ಕೊಣನೂರಿಗೆ ಬಂದು, ಅಸ್ಥಿ ಕುಡಿಕೆ ನನ್ನ ಕೈಲಿಟ್ಟು, ಪುರೋಹಿತರ ಜೊತೆ ಬಸ್ಸಲ್ಲಿ ಹೋಗಿ ಅತ್ತಿಗೆ, ನಾನು ಅಮ್ಮನ ಹತ್ರ ಮಾತಾಡಬೇಕು ಅಂತ ಹೊರಟೇಹೋದ. ಅಸ್ಥಿ ಬಿಡೋದಕ್ಕಿಂತ ದೊಡ್ಡ ಮಾತು ಏನಿದೆ ಅವನಿಗೆ?”

ಹೋಗಿ ಎಷ್ಟು ಹೊತ್ತಾಯಿತು ಎಂದು ಇವರು ಕೇಳಿದರು. ಆಗಲೇ ಊರು ಮುಟ್ಟುವ ಹೊತ್ತಾಯಿತು ಎಂದಳು. ಗುಂಡಯ್ಯ ಏರಿ ತಲುಪುವ ಮೊದಲೇ ವ್ಯಾನು ಹಿಂದಿರುಗಿ ದಾಟಿಹೋಗಿರಬೇಕು.

ಫೋನ್ ಇಟ್ಟು ತಿರುಗಿದಾಗ ಕಮಲಾಕ್ಷಮ್ಮ ಎದ್ದು ನಿಂತಿದ್ದರು. ಹೇಳುವ ಅಗತ್ಯವೇ ಬೀಳಲಿಲ್ಲ. ಫೋನಿನೊಳಗಿನ ಸರಸಳ ಜೋರು ದನಿ ಅವರ ಕಿವಿಗೂ ಬಿದ್ದಿತ್ತು. ಆದರೂ ಯೋಗಾನರಸಿಂಹ ಹೇಳಿದರು. ಅಲ್ಲಿ ಒಬ್ಬ ನಿರಪರಾಧಿ ಕಂಬಿಯ ಹಿಂದೆ ಕೂತಿದ್ದಾನೆ, ನಿಮ್ಮ ಒಂದು ಮಾತಿನಿಂದ ಹೊರಗೆ ಬರುತ್ತಾನೆ, ಬಟ್ಟೆ ಕೊಟ್ಟವನ ಹೆಸರು ಹೇಳಿ ಎಂದು ಕೈಮುಗಿದರು.

“ನಿನಗೆ ಪುಟ್ಟಸ್ವಾಮಿ ಹೊರಗೆ ಬರಬೇಕು, ಅಷ್ಟೇ ತಾನೆ?” ಎಂದರು ಕಮಲಾಕ್ಷಮ್ಮ. ದನಿಯಲ್ಲಿ ನಡುಕವಿರಲಿಲ್ಲ. “ಬರಲಿ. ಅವನೂ ಒಬ್ಬ ತಾಯಿಯ ಮಗ. ಬಟ್ಟೆ ಹಾಕಿದ್ದು ನಾನು. ಮಂತ್ರಿಸಿದ್ದೂ ನಾನು. ನನಗೆ ಯಾರೂ ಕೊಡಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಪೊಲೀಸರ ಮುಂದೆ, ಕೋರ್ಟಿನಲ್ಲಿ, ಎಲ್ಲಿ ಬೇಕಾದರೂ ಇದನ್ನೇ ಹೇಳ್ತೀನಿ.”

“ಅತ್ತೆ, ಅದು ಸುಳ್ಳು.”

“ಕೇದಾರನ ಹೆಸರೆತ್ತಿದೆಯೋ, ಈ ಬಟ್ಟೆ ನಾನು ಕಂಡೇ ಇಲ್ಲ ಅಂತೀನಿ. ಆಗ ನಿನ್ನ ಪುಟ್ಟಸ್ವಾಮಿ ಅಲ್ಲೇ ಇರ್ತಾನೆ.” ಬಾಗಿಲ ಕಡೆ ನೋಡಿದರು. “ನನಗೆ ಉಳಿದಿರೋನು ಅವನೊಬ್ಬನೇ ಕಣೋ.”

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು.

ಕೇದಾರ ಹೊಸ್ತಿಲ ಆಚೆ ಕಾಣಿಸಿಕೊಂಡ. ಕೂದಲು ಕೆದರಿತ್ತು, ಕಣ್ಣುಗಳು ಕೆಂಪಾಗಿದ್ದವು. ಬಲಗೈ ಮುಷ್ಟಿ ಬಿಗಿದಿತ್ತು. ಬೆರಳ ಸಂದಿಯಲ್ಲಿ ಹಳದಿ ಬಟ್ಟೆಯ ಒದ್ದೆ ತುದಿ ಇಣುಕುತ್ತಿತ್ತು. ಕತ್ತಲ ನಡುಮನೆಯಲ್ಲಿ ನಿಂತ ಯೋಗಾನರಸಿಂಹರನ್ನು ಅವನಿನ್ನೂ ಕಂಡಿರಲಿಲ್ಲ.

“ಅಮ್ಮಾ, ಇದನ್ನ ನನ್ನ ಗಾಡಿಗೆ—”

“ಮೊದಲು ಹಿತ್ತಲಿಗೆ ಹೋಗಿ ಕೈಕಾಲು ತೊಳ್ಕೊಂಡು ಬಾ,” ಎಂದರು ತಾಯಿ. ಸಾವಿನ ಕೆಲಸ ಮುಗಿಸಿ ಬಂದವರಿಗೆ ಯಾರ ಮನೆಯಲ್ಲಾದರೂ ಹೇಳುವ ಮಾತು. “ಹಂಡೆ ಒಲೆ ಉರೀತಿದೆ. ಬಿಸಿನೀರಿದೆ.”

ಕೇದಾರ ಹೊಸ್ತಿಲು ದಾಟಿ ಒಳಗೆ ಬಂದ. ಅವನು ತಾಯಿಯನ್ನು ನೋಡಿದ, ಆಮೇಲೆ ಅವರ ಹಿಂದೆ ನಿಂತವರನ್ನು ನೋಡಿದ, ಮುಷ್ಟಿಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡ.

ಹಿತ್ತಲಿಗೆ ಹೋಗಲು ಇರುವುದು ಒಂದೇ ಓಣಿ, ಅದರ ಬಾಯಲ್ಲಿ ಯೋಗಾನರಸಿಂಹ ನಿಂತಿದ್ದರು. ಅಡ್ಡ ನಿಂತರೆ ಕೇದಾರನ ಕೈಯ ಬಟ್ಟೆ ಸಾಕ್ಷಿಯಾಗಿ ಸಿಗುತ್ತದೆ, ಮುದುಕಿಯ ಮಾತು ಹೋಗುತ್ತದೆ, ಪುಟ್ಟಸ್ವಾಮಿ ನಾಳೆ ಹಾಸನದ ಜೈಲಿಗೆ ಹೋಗುತ್ತಾನೆ. ಸರಿದು ನಿಂತರೆ ಪುಟ್ಟಸ್ವಾಮಿ ಮನೆಗೆ ಹೋಗುತ್ತಾನೆ, ಬಟ್ಟೆ ಒಲೆಗೆ ಹೋಗುತ್ತದೆ. ಕೇದಾರ ಒಂದೊಂದೇ ಹೆಜ್ಜೆ ಇಡುತ್ತ ಅವರ ಎದುರಿಗೆ ಬಂದು ನಿಂತ.

“ಯೋಗೀ,” ಎಂದರು ಕಮಲಾಕ್ಷಮ್ಮ, “ಹುಡುಗನಿಗೆ ದಾರಿ ಬಿಡು.”